ಬೀಗದ ಭಾರ ಯಾರ ಹೆಗಲಿಗೆ?

ಕದ್ದ ಮೊಬೈಲನ್ನು ಕಳ್ಳನಿಗೆ ದಕ್ಕದಂತೆ ಮಾಡುವ ಯೋಚನೆ ಸ್ಮಾರ್ಟ್‌ಫೋನಿಗಿಂತ ಹಳೆಯದು. ಪ್ರತಿ ಹ್ಯಾಂಡ್‌ಸೆಟ್ಟಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಕಳುವಾದ ಫೋನಿನ ಸಂಖ್ಯೆಯನ್ನು ಕಪ್ಪುಪಟ್ಟಿಗೆ ಸೇರಿಸಿದರೆ ನೆಟ್‌ವರ್ಕ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ಸಂಖ್ಯೆ ತಿದ್ದುವವರಿಗೆ ಬ್ರಿಟನ್ 2002ರಲ್ಲೇ ಐದು ವರ್ಷದವರೆಗಿನ ಸೆರೆವಾಸ ಗೊತ್ತುಮಾಡಿತು. ಏರ್ಪಾಡು ಅಚ್ಚುಕಟ್ಟಾಗಿತ್ತು, ಆದರೆ ಪಟ್ಟಿಗೆ ದೇಶದ ಗಡಿಯಿತ್ತು, ಕಳ್ಳಮಾಲಿಗೆ ಇರಲಿಲ್ಲ. ಮೇಲಾಗಿ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕ್ರಮ. ಮೊದಲೇ ಹಾಕಬಹುದಾಗಿದ್ದ ಬೀಗವೆಂದರೆ ಪರದೆಯ ಪಾಸ್‌ಕೋಡ್. ಅದನ್ನು ಜನ ಹಾಕಲಿಲ್ಲ. 2013ರಲ್ಲಿ ಐಫೋನ್ 5ಎಸ್ ಬಿಡುಗಡೆ ಮಾಡುವಾಗ ಆಪಲ್‌ನ ಫಿಲ್ ಶಿಲ್ಲರ್, ಸುಮಾರು ಅರ್ಧದಷ್ಟು ಬಳಕೆದಾರರು ಪಾಸ್‌ಕೋಡ್ ಇಟ್ಟುಕೊಳ್ಳುವುದೇ ಇಲ್ಲ ಎಂದರು. ಇದನ್ನು ಬೇಜವಾಬ್ದಾರಿ ಎಂದು ಬಯ್ಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಎಂದೋ ಬರಬಹುದಾದ ಕಳ್ಳನಿಗಾಗಿ ದಿನಕ್ಕೆ ಹತ್ತಾರು ಬಾರಿ ಅಂಕಿ ಒತ್ತು ಎಂದರೆ ಮನುಷ್ಯ ಒಂದು ವಾರ ಒತ್ತಿಯಾನು. ಆ ಬೀಗದ ಭಾರವೆಲ್ಲ ಒಡೆಯನ ಹೆಗಲ ಮೇಲಿತ್ತು. ಅದನ್ನು ಕಳ್ಳನ ಹೆಗಲಿಗೆ ದಾಟಿಸಿದ ಬೀಗಗಳು ಮಾತ್ರ ಗೆದ್ದವು ಎಂಬುದನ್ನು ಮುಂದಿನ ಹತ್ತು ವರ್ಷಗಳ ಚರಿತ್ರೆಯೇ ಹೇಳುತ್ತದೆ.

ತಿರುವು ಬಂದದ್ದೂ 2013ರಲ್ಲೇ. ನ್ಯೂಯಾರ್ಕ್‌ನಲ್ಲಿ ಐಫೋನ್ ಕಸಿಯುವುದಕ್ಕೆ ‘ಆಪಲ್ ಪಿಕಿಂಗ್’ ಎಂಬ ಅಡ್ಡಹೆಸರೇ ಹುಟ್ಟಿತ್ತು. ಆ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ ಜಾರ್ಜ್ ಗ್ಯಾಸ್ಕೋನ್ ಜೊತೆಗೂಡಿ, ದೂರದಿಂದಲೇ ಫೋನನ್ನು ನಿಷ್ಕ್ರಿಯಗೊಳಿಸುವ ‘ಕಿಲ್ ಸ್ವಿಚ್’ ಬೇಕೆಂದು ಕಂಪನಿಗಳನ್ನು ಒತ್ತಾಯಿಸಿದರು. ಸೆಪ್ಟೆಂಬರಿನಲ್ಲಿ ಐಓಎಸ್ 7ರ ಜೊತೆ ಆಕ್ಟಿವೇಶನ್ ಲಾಕ್ ಬಂತು: ಫೋನನ್ನು ಪೂರ್ತಿ ಅಳಿಸಿದರೂ ಮೊದಲ ಒಡೆಯನ ಪಾಸ್‌ವರ್ಡ್ ಇಲ್ಲದೆ ಅದು ಮತ್ತೆ ಏಳುವುದಿಲ್ಲ. ಒಡೆಯನಿಗೆ ಇದರಿಂದ ದಿನನಿತ್ಯದ ತೊಂದರೆ ಏನೇನೂ ಇಲ್ಲ. 2014ರ ಆಗಸ್ಟಿನಲ್ಲಿ ಸಹಿಯಾಗಿ 2015ರ ಜುಲೈ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾ ಕಾಯ್ದೆ ಇನ್ನೊಂದು ಜಾಣತನ ತೋರಿತು. ಸೌಲಭ್ಯ ಫೋನಿನೊಳಗೆ ಎಲ್ಲೋ ಇದ್ದರೆ ಸಾಲದು, ಹೊಸ ಫೋನನ್ನು ಸಜ್ಜುಗೊಳಿಸುವಾಗಲೇ ಅದು ಬಳಕೆದಾರನ ಮುಂದೆ ಬರಬೇಕು, ಬೇಡವಾದವನು ಆಫ್ ಮಾಡಿಕೊಳ್ಳಲಿ ಎಂದಿತು. ಫಲಿತಾಂಶ ಸಣ್ಣದಲ್ಲ. ಲಾಕ್ ಬಂದ ನಂತರದ ಹನ್ನೆರಡು ತಿಂಗಳಲ್ಲಿ ಐಫೋನ್ ಕಳವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇ. 40, ನ್ಯೂಯಾರ್ಕ್‌ನಲ್ಲಿ ಶೇ. 25 ಇಳಿಯಿತೆಂದು ಅಧಿಕಾರಿಗಳು ಲೆಕ್ಕ ಕೊಟ್ಟರು.

ಇಳಿಕೆಗೆ ಬೇರೆ ಕಾರಣಗಳೂ ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ನ್ಯೂಯಾರ್ಕ್‌ನ ಇನ್ನೊಂದು ಅಂಕಿಯಲ್ಲಿದೆ. 2014ರ ಮೊದಲ ಐದು ತಿಂಗಳಲ್ಲಿ ಆಪಲ್ ಸಾಧನಗಳ ದರೋಡೆ ಶೇ. 19 ಕಡಿಮೆಯಾದಾಗ, ಅಂಥ ಬೀಗ ಇನ್ನೂ ಹರಡದಿದ್ದ ಸ್ಯಾಮ್‌ಸಂಗ್ ಫೋನುಗಳ ಕಳವು ಶೇ. 40ಕ್ಕೂ ಹೆಚ್ಚು ಏರಿತ್ತು. ಊರಿನ ಕಳ್ಳರು ಸಜ್ಜನರಾಗಿರಲಿಲ್ಲ. ಬೀಗವಿಲ್ಲದ ಮನೆಗೆ ಹೋಗಿದ್ದರು, ಅಷ್ಟೆ.

ಬೆರಳಚ್ಚು ಬಂದ ಮೇಲೆ ಪರದೆಯ ಬೀಗವೂ ಹಗುರವಾಯಿತು. ಆದರೆ ಆ ಹಗುರತನಕ್ಕೆ ಒಂದು ಬಿರುಕಿತ್ತು: ಬೆರಳು ಕೈಕೊಟ್ಟರೆ ಹಳೆಯ ಪಾಸ್‌ಕೋಡೇ ಗತಿ, ಮತ್ತು ಆ ನಾಲ್ಕಾರು ಅಂಕಿಗಳಿಗೆ ಇಡೀ ಆಪಲ್ ಖಾತೆಯ ಯಜಮಾನಿಕೆ ದಕ್ಕುತ್ತಿತ್ತು. ಬಾರುಗಳಲ್ಲಿ ಹೆಗಲ ಹಿಂದೆ ನಿಂತು ಅಂಕಿ ನೋಡಿಕೊಂಡು, ಫೋನ್ ಕಸಿದು, ನಿಮಿಷಗಳಲ್ಲೇ ಒಡೆಯನನ್ನು ಅವನದೇ ಖಾತೆಯಿಂದ ಹೊರದಬ್ಬುವ ಕಳ್ಳರ ಬಗ್ಗೆ 2023ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವಿವರವಾಗಿ ಬರೆಯಿತು. 2024ರ ಜನವರಿಯಲ್ಲಿ ಆಪಲ್ ಕೊಟ್ಟ ಪರಿಹಾರ ನನಗೆ ಈ ಚರಿತ್ರೆಯಲ್ಲೇ ಅತ್ಯಂತ ನಾಜೂಕಾದದ್ದಾಗಿ ಕಾಣುತ್ತದೆ. ಮನೆ, ಕಚೇರಿಯಂಥ ಪರಿಚಿತ ಜಾಗಗಳ ಹೊರಗೆ ಪಾಸ್‌ವರ್ಡ್ ಬದಲಿಸಬೇಕೆಂದರೆ ಮುಖ ಅಥವಾ ಬೆರಳು ತೋರಿಸಿ, ಒಂದು ಗಂಟೆ ಕಾದು, ಮತ್ತೆ ತೋರಿಸಬೇಕು. ಪ್ರಯಾಣದಲ್ಲಿರುವ ಅಮಾಯಕನಿಗೂ ಈ ಗಂಟೆ ತಟ್ಟುತ್ತದೆ, ನಿಜ. ಆದರೆ ದಾರಿಯಲ್ಲಿ ನಿಂತು ಪಾಸ್‌ವರ್ಡ್ ಬದಲಿಸುವ ಪ್ರಸಂಗ ವರ್ಷಕ್ಕೆ ಎಷ್ಟು ಸಲ? ಕಳ್ಳನಿಗೋ ಆ ಒಂದು ಗಂಟೆಯೇ ಬಂಡವಾಳ. ಇಷ್ಟಾದರೂ ಆಪಲ್ ಈ ಸೌಲಭ್ಯವನ್ನು ಆನ್ ಮಾಡದೆಯೇ ಕೈಗಿಟ್ಟಿತು. ಕ್ಯಾಲಿಫೋರ್ನಿಯಾ ಕಲಿಸಿದ ಪಾಠ ಹತ್ತು ವರ್ಷದೊಳಗೆ ಮರೆತಿತ್ತು.

ನಮ್ಮ ದೇಶದಲ್ಲಿ ಈ ಕೆಲಸ ಹೆಚ್ಚಾಗಿ ಸರ್ಕಾರದ ಕೈಯಲ್ಲಿದೆ. ಮುಂಬೈ ದಾಳಿಯ ನಂತರ, 2009ರ ಕೊನೆಯಲ್ಲಿ, ಸರಿಯಾದ ಐಎಂಇಐ ಇಲ್ಲದ ಫೋನುಗಳ ಸಂಪರ್ಕ ಕಡಿಯಲಾಯಿತು. ಕಳೆದ ಫೋನನ್ನು ನಾಗರಿಕರೇ ತಡೆಹಿಡಿಸಬಹುದಾದ ಸಂಚಾರ್ ಸಾಥಿ ಪೋರ್ಟಲ್ 2023ರ ಮೇನಲ್ಲಿ ದೇಶಕ್ಕೆಲ್ಲ ತೆರೆಯಿತು. 2025ರ ನವೆಂಬರಿನಲ್ಲಿ ಅದರ ಆ್ಯಪ್ ಪ್ರತಿ ಹೊಸ ಫೋನಿನಲ್ಲೂ ಇರಲೇಬೇಕೆಂಬ ಆದೇಶ ಹೊರಟಾಗ ಖಾಸಗಿತನದ ಪ್ರಶ್ನೆ ಎದ್ದು, ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಕಿಲ್ ಸ್ವಿಚ್‌ನ ಕೀಲಿ ಯಾರ ಬಳಿ ಎಂಬ ಅನುಮಾನ ಅಮೆರಿಕದಲ್ಲೂ ಎದ್ದಿತ್ತು, ಅದನ್ನು ತಳ್ಳಿಹಾಕಲಾಗದು. ಸ್ವಿಚ್ ಒಡೆಯನ ಕೈಯಲ್ಲಿರಬೇಕು, ಬೇಡವೆನ್ನುವ ಹಕ್ಕೂ ಅವನದಾಗಿರಬೇಕು.

ಕಡೆಗೆ, ನಮಗೆ ತೀರ ಹತ್ತಿರದ, ತೀರ ಹಳೆಯ ಒಂದು ಬೀಗ: ಜಿಎಸ್‌ಎಂ ಕಾಲದಿಂದಲೂ ಇರುವ ಸಿಮ್ ಪಿನ್. ಕದ್ದ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಬ್ಯಾಂಕಿನ ಓಟಿಪಿ ತರಿಸಿಕೊಳ್ಳುವುದನ್ನು ಅದು ತಡೆಯುತ್ತದೆ. ಫೋನ್ ಆರಿಸಿ ಹಚ್ಚಿದಾಗ ಮಾತ್ರ ಕೇಳುವುದರಿಂದ ದಿನನಿತ್ಯದ ಕಿರಿಕಿರಿಯೂ ಇಲ್ಲ. ಆದರೂ ನಮ್ಮಲ್ಲಿ ಸಾಮಾನ್ಯವಾಗಿ ಅದು ಆಫ್ ಆಗಿಯೇ ಕೈಸೇರುತ್ತದೆ, ಹಾಗೆಯೇ ಉಳಿಯುತ್ತದೆ. ಇಂದೇ ಹಾಕಿಕೊಳ್ಳಿ. ಮೊದಲು ನಿಮ್ಮ ಕಂಪನಿ ಇಟ್ಟಿರುವ ಮೂಲ ಪಿನ್ ಕೇಳಿ ತಿಳಿಯಿರಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತದೆ.