ವರಾಹ ಕಳೆದರೆ ಹೊಣೆ ಯಾರು?

ಅಬ್ದುಲ್ ರಜಾಕ್ ಹೆಸರನ್ನ ನಾವೆಲ್ಲ ಹೈಸ್ಕೂಲಿನಲ್ಲಿ ಒಂದು ಮಾರ್ಕಿಗೋಸ್ಕರ ಬಾಯಿಪಾಠ ಮಾಡಿದವರು. ಪರ್ಷಿಯಾದ ರಾಯಭಾರಿ, ಇಮ್ಮಡಿ ದೇವರಾಯನ ಕಾಲ, 1443. ಅಷ್ಟು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡ್ತಿದ್ವಿ. ಆದರೆ ಅವನು ಬರೆದಿಟ್ಟಿದ್ದರಲ್ಲಿ ಒಂದು ಪುಟ್ಟ ಪ್ರಸಂಗ ಇದೆ, ಅದನ್ನ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ.

ವಿಜಯನಗರದ ಟಂಕಸಾಲೆಯ ಎದುರಿಗೆ ನಗರದ ಕೊತ್ವಾಲನ ಕಚೇರಿ ಇತ್ತಂತೆ. ಅವನ ಕೈಕೆಳಗೆ 12,000 ಕಾವಲುಗಾರರು. ಅವರ ಸಂಬಳ ವೇಶ್ಯಾಗೃಹಗಳ ಆದಾಯದಿಂದ ಬರ್ತಿತ್ತು ಅಂತಾನೆ ರಜಾಕ್ (ಆ ಮಾತು ಪಠ್ಯಪುಸ್ತಕಕ್ಕೆ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಗುತ್ತೆ). ಊರಿನ ಏಳು ಸುತ್ತಿನ ಕೋಟೆಯೊಳಗೆ ಏನು ಕಳೆದರೂ, ಏನು ಕಳುವಾದರೂ ಹುಡುಕಿ ಕೊಡೋದು ಈ ಕಾವಲುಗಾರರ ಕೆಲಸ. ಕೊಡದಿದ್ರೆ ದಂಡ. ರಜಾಕನ ಜೊತೆಗಾರನೊಬ್ಬ ತಂದಿದ್ದ ಗುಲಾಮರು ಓಡಿಹೋದರು. ಮನುಷ್ಯರನ್ನೂ ಮಾಲಿನ ಲೆಕ್ಕಕ್ಕೆ ಸೇರಿಸಿದ್ದ ಕಾಲ ಅದು, ಇರಲಿ. ದೂರು ಕೊಟ್ಟಾಗ ಕೊತ್ವಾಲ ಆ ಕೇರಿಯ ಕಾವಲುಗಾರರನ್ನ ಕರೆಸಿ, ಹಿಡಿದು ತನ್ನಿ, ಇಲ್ಲ ದುಡ್ಡು ಕಟ್ಟಿ ಅಂದ. ಅವರು ಎಷ್ಟಾಗುತ್ತೆ ಅಂತ ವಿಚಾರಿಸಿಕೊಂಡು ದುಡ್ಡು ಕಟ್ಟಿಬಿಟ್ಟರು.

ಎಷ್ಟಾಗುತ್ತೆ ಅಂತ ವಿಚಾರಿಸಿಕೊಂಡು! ನನಗೆ ಇಡೀ ಪ್ರವಾಸಕಥನದಲ್ಲಿ ಬಹಳ ಇಷ್ಟ ಆಗಿದ್ದು ಇದೇ. ಹುಡುಕೋ ಖರ್ಚು ಒಂದು ಕಡೆ, ದಂಡ ಇನ್ನೊಂದು ಕಡೆ ಇಟ್ಟು ತೂಗಿ ನೋಡಿದ್ದಾರೆ. ಇವತ್ತಿನ ವಿಮಾ ಕಂಪನಿಯವರು ಕ್ಲೇಮ್ ಇತ್ಯರ್ಥ ಮಾಡೋವಾಗ ಬೇರೇನು ಮಾಡ್ತಾರೆ?

ಅದೇ ರಜಾಕ್ ನಾಣ್ಯಗಳ ಲೆಕ್ಕವನ್ನೂ ಕೊಟ್ಟಿದ್ದಾನೆ. ಚಿನ್ನದ ವರಾಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗ ಹಣ, ಹಣದ ಆರನೇ ಒಂದು ಭಾಗ ಬೆಳ್ಳಿಯ ತಾರ, ಅದರ ಕೆಳಗೆ ತಾಮ್ರದ ಜೀತಲ್. ವರಾಹ ಅಂದ್ರೆ ಸುಮಾರು 3.4 ಗ್ರಾಂ. ಹಣ ಸುಮಾರು 0.35 ಗ್ರಾಂ, ಜೋರಾಗಿ ಸೀನಿದ್ರೆ ಹಾರಿಹೋಗೋ ಅಷ್ಟು ಹಗುರ. ಪ್ರಾಂತ್ಯಗಳ ಚಿನ್ನವೆಲ್ಲ ಹಂಪಿಯ ಟಂಕಸಾಲೆಗೆ ಬರ್ತಿತ್ತು, ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಅಲ್ಲಿಂದಲೇ ಸಂಬಳ. ಅಂದ್ರೆ ವರ್ಷಪೂರ್ತಿ ನಮ್ಮ ಕಡೆಯ ದಾರಿಗಳಲ್ಲಿ ಚಿನ್ನ ಓಡಾಡ್ತಾ ಇತ್ತು. ಆನೆಗೊಂದಿ ಕಡೆಯಿಂದ ಬಂದಿದ್ದು ಹರಿಗೋಲಿನಲ್ಲಿ ಹೊಳೆ ದಾಟಬೇಕು. 1520ರ ಸುಮಾರಿಗೆ ಬಂದ ಪಾಯೆಸ್ ಆ ಹರಿಗೋಲುಗಳನ್ನ ನೋಡಿ, ಬುಟ್ಟಿಗೆ ತೊಗಲು ಹೊದಿಸಿದ್ದಾರೆ, ಹದಿನೈದು ಇಪ್ಪತ್ತು ಜನ ಕೂರ್ತಾರೆ ಅಂತ ಬರೆದ. ಇವತ್ತು ಅದೇ ಹರಿಗೋಲಿನಲ್ಲಿ ಕೂತು ನಾವು ಸೆಲ್ಫಿ ತಗೋತೀವಿ.

ಈ ವ್ಯವಸ್ಥೆ ಎಷ್ಟು ಗಟ್ಟಿ ಅನ್ನೋದು ಗೊತ್ತಾಗಿದ್ದು ಅದು ಮುರಿದು ಬಿದ್ದಾಗ. 1565ರ ಯುದ್ಧ ಸೋತ ಸುದ್ದಿ ಬಂದ ಕೂಡಲೇ ರಾಜಮನೆತನದವರು 550 ಆನೆಗಳ ಮೇಲೆ ಚಿನ್ನ, ವಜ್ರ ಹೇರಿಕೊಂಡು ಪೆನುಕೊಂಡೆಗೆ ಹೋದರು ಅನ್ನೋ ಲೆಕ್ಕ ರಾಬರ್ಟ್ ಸೀವೆಲ್‌ನ ಪುಸ್ತಕದಲ್ಲಿದೆ. ಆನೆಗಳನ್ನ ಯಾರು ನಿಂತು ಎಣಿಸಿದರೋ, ನಾನಂತೂ ಆ ಅಂಕಿಯನ್ನ ಉಪ್ಪು ಖಾರ ಸೇರಿಸಿದ್ದು ಅಂತಲೇ ಓದ್ತೀನಿ. ಆದರೆ ಅರ್ಧ ಉತ್ಪ್ರೇಕ್ಷೆ ಅಂದುಕೊಂಡರೂ ನಮ್ಮ ತಾಲ್ಲೂಕಿನಿಂದ ಹೊರಟ ಅತಿ ದೊಡ್ಡ ಪಾರ್ಸಲ್ ಅದೇ ಇರಬೇಕು.

ಎರಡು ವರ್ಷದ ನಂತರ, 1567ರಲ್ಲಿ, ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಇಲ್ಲಿಗೆ ಬಂದ. ಅವನ ಕೆಲಸ ಒಂದು ತಿಂಗಳಿನದು, ಉಳಿದಿದ್ದು ಏಳು ತಿಂಗಳು, ಯಾಕಂದ್ರೆ ದಾರಿಯ ತುಂಬ ಕಳ್ಳರು. ಆಮೇಲೆ ಹೇಗೋ ಗೋವಾ ಕಡೆ ಹೊರಟ ಅವನಿಗೆ ಇನ್ನೊಂದು ತಲೆನೋವು: ದಿನಕ್ಕೊಬ್ಬ ಹೊಸ ಪಾಳೆಯಗಾರ, ಒಬ್ಬೊಬ್ಬನದೂ ಬೇರೆ ಬೇರೆ ತಾಮ್ರದ ನಾಣ್ಯ. ಇವತ್ತು ತಗೊಂಡ ಕಾಸು ನಾಳೆ ನಡೆಯಲ್ಲ. ಜೇಬಿನಲ್ಲಿ ದುಡ್ಡಿದೆ, ಯಾರೂ ಕದ್ದಿಲ್ಲ, ಆದ್ರೂ ಅದರ ಬೆಲೆ ಹೋಗಿದೆ. ಹಿಂದಿದ್ದ ಹೊಣೆಗಾರ ಇಲ್ಲ ಅಂದಮೇಲೆ ನಾಣ್ಯ ಬರೀ ಲೋಹದ ಚೂರು.

ಇಷ್ಟೆಲ್ಲ ಅಪಾಯ ಇದ್ದಮೇಲೆ ಬುದ್ಧಿವಂತರು ಏನು ಮಾಡ್ತಾರೆ? ನಾಣ್ಯವನ್ನ ಕಳಿಸೋದೇ ಬಿಡ್ತಾರೆ. ಸಾಹುಕಾರರ ಹುಂಡಿ ಅಂದ್ರೆ ಅದೇ. ಈ ಊರಿನ ಅಂಗಡಿಯಲ್ಲಿ ದುಡ್ಡು ಕಟ್ಟು, ಒಂದು ಚೀಟಿ ತಗೋ, ಆ ಊರಿನ ಅಂಗಡಿಯಲ್ಲಿ ತೋರಿಸಿ ದುಡ್ಡು ಇಸ್ಕೋ. ಚೀಟಿ ಕದ್ದ ಕಳ್ಳನಿಗೆ ದುಡ್ಡು ಸಿಗೋದು ಕಷ್ಟ, ಶಾಹಜೋಗ್ ಹುಂಡಿಯನ್ನ ಪೇಟೆಯಲ್ಲಿ ಹೆಸರಿರೋ ಮರ್ಯಾದಸ್ಥನೇ ತೋರಿಸಬೇಕು. ಚೀಟಿ ಕಳೆದೇಹೋದ್ರೆ 'ಪೇಠ್' ಅಂತ ಎರಡನೇ ಪ್ರತಿ ಬರೆಯೋರು. ಅದೂ ಕಳೆದ್ರೆ 'ಪರಪೇಠ್', ಮೂರನೇ ಪ್ರತಿ. ನಮ್ಮ ಆಫೀಸಿನಲ್ಲಿ ಬ್ಯಾಕಪ್ಪಿನ ಬ್ಯಾಕಪ್ಪಿಗೆ ಇನ್ನೂ ಅಪ್ರೂವಲ್ ಸಿಕ್ಕಿಲ್ಲ. ಜೋಖ್ಮಿ ಹುಂಡಿ ಅಂತ ಇನ್ನೊಂದು ಬಗೆ ಇತ್ತು. ಮಾಲು ಸುರಕ್ಷಿತವಾಗಿ ತಲುಪಿದ್ರೆ ಮಾತ್ರ ದುಡ್ಡು, ದಾರಿಯಲ್ಲಿ ಮುಳುಗಿದ್ರೆ ಹುಂಡಿಯೂ ಮುಳುಗಿತು. ಸಾಲ, ಸಾಗಾಣಿಕೆ, ವಿಮೆ ಮೂರೂ ಒಂದೇ ಚೀಟಿಯಲ್ಲಿ.

ಇಂಗ್ಲಿಷರ ಕಾಲಕ್ಕೆ ಬಂದರೆ, 1818ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವರಾಹದ ಲೆಕ್ಕ ನಿಂತು ರೂಪಾಯಿ ಬಂತು. ಬಳ್ಳಾರಿ ಹೊಸಪೇಟೆ ಎಲ್ಲ ಆಗ ಮದ್ರಾಸಿಗೆ ಸೇರಿದ್ದು. 1861ರ ಕಾಯಿದೆಯ ನಂತರ ಸರ್ಕಾರದ ಕಾಗದದ ನೋಟು ಬಂತು. ಅಂಚೆಯಲ್ಲಿ ನೋಟು ಕಳಿಸೋಕೆ ಜನ ಕಂಡುಕೊಂಡ ಉಪಾಯ ಕೇಳಿ: ನೋಟನ್ನ ಎರಡು ತುಂಡು ಮಾಡೋದು. ಮೊದಲು ಒಂದು ಅರ್ಧ ಅಂಚೆಗೆ. ತಲುಪಿತು ಅಂತ ಕಾಗದ ಬಂದಮೇಲೆ ಇನ್ನೊಂದು ಅರ್ಧ. ನೆಟ್‌ವರ್ಕಿನಲ್ಲಿ ಡೇಟಾ ಪ್ಯಾಕೆಟ್ ಕಳಿಸಿ ಅಕ್ನಾಲೆಜ್‌ಮೆಂಟಿಗೆ ಕಾಯೋದನ್ನ ನಾನು ಬಿಇ ಐದನೇ ಸೆಮಿಸ್ಟರಿನಲ್ಲಿ ಕಷ್ಟಪಟ್ಟು ಕಲಿತೆ. ನೂರು ವರ್ಷದ ಹಿಂದಿನ ಹತ್ತಿ ವ್ಯಾಪಾರಿಗೆ ಅದನ್ನ ಯಾರೂ ಕಲಿಸಬೇಕಾಗಿರಲಿಲ್ಲ. 1870ರ ದಶಕದ ಕೊನೆಗೆ ಅಂಚೆ ಇಲಾಖೆಯೇ ವಿಮೆ ಶುರು ಮಾಡಿತು, 1880ರಲ್ಲಿ ಮನಿಯಾರ್ಡರ್ ಬಂತು. ಮನಿಯಾರ್ಡರ್ ಅಂದ್ರೆ ಸರ್ಕಾರಿ ಹುಂಡಿ ಅಷ್ಟೇ.

ಇಲ್ಲಿಯವರೆಗಿನ ಉಪಾಯಗಳೆಲ್ಲ ನಿಂತಿರೋದು ಒಂದೇ ನಂಬಿಕೆಯ ಮೇಲೆ: ಒಂದು ವರಾಹಕ್ಕೆ ಇನ್ನೊಂದು ವರಾಹ ಸಮ. ನೀವು ಕಟ್ಟಿದ ನಾಣ್ಯವೇ ಆ ಊರಿನಲ್ಲಿ ಸಿಗಬೇಕಿಲ್ಲ, ಅಷ್ಟೇ ಬೆಲೆಯ ಬೇರೆ ಯಾವುದಾದ್ರೂ ಸಾಕು. ಸಂಗ್ರಹಕಾರನ ನಾಣ್ಯ ಬಂದಾಗ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತೆ. ಅಚ್ಯುತರಾಯನ ಗಂಡಭೇರುಂಡದ ಒಂದು ವರಾಹ, ಚೆನ್ನಾಗಿ ಅಚ್ಚೊತ್ತಿದ್ದು, ಅದಕ್ಕೆ ಅದೇ ಸಮ. ಹುಂಡಿ ಬರೆಯೋಕಾಗಲ್ಲ, ಅರ್ಧ ಕತ್ತರಿಸೋಕಾಗಲ್ಲ. ಅದೇ ನಾಣ್ಯ, ಅದೇ ಗೀರುಗಳ ಸಮೇತ, ಇಲ್ಲಿಂದ ಅಲ್ಲಿಗೆ ಹೋಗಲೇಬೇಕು.

ಹೋದ ವರ್ಷ ನಮ್ಮ ಟೀಮಿನ ಗೆಳೆಯನೊಬ್ಬ ಕೇಳಿದ. "ಗುರೂ, ನೀನು ಹಂಪಿ ಕಡೆಯವನಲ್ವಾ, ನಮ್ಮ ತಾತನ ಹತ್ರ ಕೃಷ್ಣದೇವರಾಯನ ಕಾಲದ್ದು ಒಂದು ವರಾಹ ಇತ್ತು. ಅಮೆರಿಕದಲ್ಲಿರೋ ಅಣ್ಣನಿಗೆ ಕಳಿಸಬೇಕು. ಕೊರಿಯರ್ ಮಾಡಿದ್ರೆ ಸೇಫಾ?"

ಹಂಪಿ ಕಡೆಯವನು ಅಂದಮಾತ್ರಕ್ಕೆ ನಾಣ್ಯತಜ್ಞ ಆಗಲ್ಲ, ಆದ್ರೂ ಓದಿಕೊಂಡು ಹೇಳಿದೆ. ಮೊದಲನೆಯದು, ಅಮೆರಿಕದ ಮಾತು ಬಿಡು. 1972ರ ಪುರಾವಸ್ತು ಕಾಯಿದೆ ಪ್ರಕಾರ ನೂರು ವರ್ಷ ತುಂಬಿದ ಯಾವ ನಾಣ್ಯವೂ ಪುರಾವಸ್ತು. ಖಾಸಗಿಯವರು ಅದನ್ನ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಸಿಕ್ಕಿಬಿದ್ರೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು, ಮೇಲೆ ದಂಡ. ಗಮನಿಸಿ, ಈ ನೂರು ವರ್ಷದ ಗೆರೆ ಒಂದೇ ಕಡೆ ನಿಂತಿಲ್ಲ, ಪ್ರತಿ ವರ್ಷ ಮುಂದಕ್ಕೆ ಸರಿಯುತ್ತೆ. ಅಜ್ಜಿಯ ಪೆಟ್ಟಿಗೆಯಲ್ಲಿರೋ 1918ರ ಐದನೇ ಜಾರ್ಜ್ ರೂಪಾಯಿ ನಾವು ಕಾಲೇಜಿನಲ್ಲಿದ್ದಾಗ ಬರೀ ಹಳೇ ಬೆಳ್ಳಿ, ಈಗ ಪುರಾವಸ್ತು.

ದೇಶದೊಳಗೆ ಕಳಿಸೋದಾದ್ರೆ? ಬಹಳಷ್ಟು ಕೊರಿಯರ್ ಕಂಪನಿಗಳ ಷರತ್ತು ಓದಿ ನೋಡಿ, ನಾಣ್ಯ, ಚಿನ್ನ, ಪುರಾತನ ವಸ್ತು ನಾವು ಒಯ್ಯಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತೆ. 'ಗಿಫ್ಟ್' ಅಂತ ಬರೆದು ಕಳಿಸಿದವನು ಆ ಕ್ಷಣದಲ್ಲೇ ಕ್ಲೇಮ್ ಕಳ್ಕೊಂಡ. ಅಂಚೆಯ ಕಾನೂನಂತೂ ನೇರ. 1898ರ ಕಾಯಿದೆಯಲ್ಲೂ, ಅದರ ಜಾಗಕ್ಕೆ ಬಂದ 2023ರ ಕಾಯಿದೆಯಲ್ಲೂ ಒಂದೇ ರಾಗ: ಒಪ್ಪಿಕೊಂಡಷ್ಟು ಬಿಟ್ಟರೆ ಕಳೆದದ್ದಕ್ಕೆ ಇಲಾಖೆ ಹೊಣೆ ಅಲ್ಲ. ಆ ಒಪ್ಪಿಕೊಳ್ಳೋದರ ಹೆಸರೇ ವಿಮೆ. ಚಿನ್ನದ ನಾಣ್ಯವನ್ನ ವಿಮೆ ಇಲ್ಲದೆ ಅಂಚೆಗೆ ಹಾಕಬಾರದು ಅನ್ನೋದು ಹಳೇ ನಿಯಮ. ಸಾಂಪ್ರದಾಯಿಕವಾಗಿ ವಿಮೆ ಅಂಚೆಯ ಪ್ರತಿ ಜೋಡಿಗೂ ಅರಗಿನ ಮುದ್ರೆ ಬೀಳಬೇಕು, ಎಲ್ಲ ಮುದ್ರೆಯೂ ಒಂದೇ ಖಾಸಗಿ ಗುರುತಿನದಾಗಿರಬೇಕು. ಮುದ್ರೆ ಒತ್ತೋಕೆ ನಾಣ್ಯ ಬಳಸಬಾರದು ಅಂತಲೂ ಇದೆ, ಯಾಕಂದ್ರೆ ಅಂಥದ್ದೇ ನಾಣ್ಯ ಕಳ್ಳನ ಜೇಬಿನಲ್ಲೂ ಇರುತ್ತೆ. ಈ ನಿಯಮ ಬರೆದವನಿಗೆ ಒಂದು ಸಲಾಮು.

ಪೊಟ್ಟಣದ ತೂಕವನ್ನ ಅದರ ಮೇಲೆಯೇ ಬರೀತಾರೆ. ತಗೊಳ್ಳೋರು ಸಹಿ ಹಾಕೋ ಮೊದಲು ಮುದ್ರೆ, ತೂಕ ಎರಡೂ ನೋಡಬೇಕು, ಸಹಿ ಬಿದ್ದಮೇಲೆ ಜಗಳಕ್ಕೆ ಬಲ ಇರಲ್ಲ. ಚಿನಿವಾರರು ತಕ್ಕಡಿ ಇಲ್ಲದೆ ವರಾಹ ಮುಟ್ಟುತ್ತಿರಲಿಲ್ಲ, ನಾವು ಒಟಿಪಿ ಹೇಳಿ ಬಾಗಿಲು ಹಾಕ್ಕೋತೀವಿ. ಕಳಿಸೋರ ಕಡೆಯಿಂದ ಆಗಬೇಕಾದ್ದು ಇಷ್ಟು. ಎರಡೂ ಮುಖದ ಮತ್ತು ಅಂಚಿನ ಫೋಟೋ, ಗ್ರಾಮಿನ ನೂರನೇ ಭಾಗದವರೆಗೆ ತೂಕ. ನಾಣ್ಯ ಅಲುಗಾಡಬಾರದು, ಅಲ್ಲಾಡಿಸಿದ್ರೆ ಸದ್ದಾಗೋ ಪೊಟ್ಟಣ ಕಳ್ಳನನ್ನ ಕೂಗಿ ಕರೆಯುತ್ತೆ. ಮೆತ್ತನೆಯ ಪಿವಿಸಿ ಕವರಿನಲ್ಲಿ ತುಂಬ ದಿನ ಇಟ್ಟರೆ ತಾಮ್ರದ ಮೇಲೆ ಹಸಿರು ಅಂಟು ಏಳುತ್ತೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹಿತ್ತಾಳೆ ಚೆಂಬಲ್ಲ ಅದು.

ಕಷ್ಟ ಇರೋದು ಬೆಲೆಯಲ್ಲಿ. ನಿಜವಾದ ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸೋ ಹಾಗಿಲ್ಲ. ಚಿನ್ನದ ದರದಲ್ಲಿ 3.4 ಗ್ರಾಮಿಗೆ ಒಂದು ಬೆಲೆ, ಸಂಗ್ರಹಕಾರರ ಹರಾಜಿನಲ್ಲಿ ಇನ್ನೊಂದು. ಹರಾಜಿನ ಬಿಲ್ಲೋ, ಹೆಸರಿರೋ ತಜ್ಞರು ಬರೆದುಕೊಟ್ಟ ಮೌಲ್ಯಪತ್ರವೋ ಇಲ್ಲದಿದ್ರೆ ನಿಮ್ಮ ಕೃಷ್ಣದೇವರಾಯ ಬರೀ ಮೂರು ಚಿಲ್ಲರೆ ಗ್ರಾಂ.

ಇದಕ್ಕಿಂತ ನನಗೆ ಕಾಡೋದು ಬೇರೆ. ನಮ್ಮ ಟಿ.ಬಿ. ಡ್ಯಾಂ, ಕಮಲಾಪುರ, ಕಂಪ್ಲಿ ಸುತ್ತಮುತ್ತ ಜೋರು ಮಳೆ ಬಿದ್ದ ಮಾರನೇ ದಿನ ಹೊಲದಲ್ಲಿ ತಾಮ್ರದ ಕಾಸು ಸಿಗೋದು ಹೊಸ ಸುದ್ದಿಯಲ್ಲ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ತಿಳಿಸಬೇಕು ಅಂತ 1962ರ ಕರ್ನಾಟಕ ನಿಧಿ ಕಾಯಿದೆ ಹೇಳುತ್ತೆ. ಕಾಯಿದೆ ಹೇಳುತ್ತೆ, ಕಾಸು ಸಂತೆಗೆ ಹೋಗುತ್ತೆ. ಅಲ್ಲಿಂದ ಪೊಟ್ಟಣ ಕಟ್ಟಿ ಬೆಂಗಳೂರಿಗೋ ಮುಂಬೈಗೋ. ಚೆನ್ನಾಗಿ ಪ್ಯಾಕ್ ಮಾಡಿದ್ರೆ ನಾಣ್ಯ ಸುರಕ್ಷಿತವಾಗಿ ತಲುಪುತ್ತೆ, ಆದರೆ ಅದು ಯಾವ ಹೊಲದ್ದು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನೋದು ದಾರಿಯಲ್ಲೇ ಕಳೆದುಹೋಗಿರುತ್ತೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ನರ ಬೆಳ್ಳಿ ನಾಣ್ಯಗಳು ಶಾತವಾಹನರ ನಾಣ್ಯಗಳ ಜೊತೆ ಸಿಕ್ಕಿದ್ದರಿಂದಲೇ ಆ ನೆಲದ ಕಾಲ ಹೇಳೋಕೆ ಆಧಾರ ಸಿಕ್ಕಿತು. ಅದೇ ರೋಮನ್ ನಾಣ್ಯ ಒಂಟಿಯಾಗಿ ಕೊರಿಯರಿನಲ್ಲಿ ಬಂದಿದ್ರೆ ಅದು ಬರೀ ರೋಮನ್ ನಾಣ್ಯ, ಚಂದ್ರವಳ್ಳಿಗೂ ಅದಕ್ಕೂ ಸಂಬಂಧ ಇಲ್ಲ. ಈ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ಗೆಳೆಯನಿಗೆ ಅಷ್ಟಾದರೂ ಮಾಡು ಅಂದೆ. ತಾತನಿಗೆ ಆ ವರಾಹ ಯಾರು ಕೊಟ್ಟರು, ಯಾವ ಊರು, ಯಾವ ವರ್ಷ, ಮನೆಯ ಹಿರಿಯರನ್ನ ಕೇಳಿ ಒಂದು ಹಾಳೆಯಲ್ಲಿ ಬರೆದು ನಾಣ್ಯದ ಜೊತೆಗೆ ಇಡು. ಅವರ ದೊಡ್ಡಮ್ಮನಿಗೆ ಫೋನ್ ಮಾಡಿದಾಗ ಅರ್ಧ ಗಂಟೆಯ ಕಥೆಯೇ ಸಿಕ್ಕಿತಂತೆ. ಅಣ್ಣನಿಗೆ ಫೋಟೋ ಮತ್ತು ಆ ಕಥೆ ಹೋಯಿತು. ವರಾಹ ಬೆಂಗಳೂರಿನ ಒಂದು ಬ್ಯಾಂಕಿನ ಲಾಕರಿನಲ್ಲಿದೆ. ರಿಸರ್ವ್ ಬ್ಯಾಂಕಿನ ಈಗಿನ ನಿಯಮದ ಪ್ರಕಾರ ಬೆಂಕಿ ಬಿದ್ದು, ಕಳ್ಳತನವಾಗಿ, ಇಲ್ಲಾ ಸಿಬ್ಬಂದಿಯ ಮೋಸದಿಂದ ಲಾಕರಿನದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ಆದರೆ ಮೂರು ಲಕ್ಷ. ಒಳಗೆ ಏನಿದೆ ಅಂತ ಅವರು ಕೇಳೋದೂ ಇಲ್ಲ, ದೇವರಾಯನ ಕಾವಲುಗಾರರ ಹಾಗೆ ಎಷ್ಟಾಗುತ್ತೆ ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದಾರೆ.