ಪಾಳು ಜಾಗದ ಗಿಡ ಎಣಿಸಿದವರು

ನಮ್ಮ ಪಹಣಿಗಳಲ್ಲಿ 'ಖರಾಬು' ಎಂದು ಒಂದು ಲೆಕ್ಕವಿದೆ. ಬೇಸಾಯಕ್ಕೆ ಬಾರದ ಜಾಗ ಎಂದು ಅರ್ಥ. ಹುತ್ತ, ಕಾರೆಗಿಡ, ಲಂಟಾನ, ಮೊಲ, ನವಿಲು ಎಲ್ಲ ಇರುವುದು ಅಲ್ಲೇ. ಆದರೆ ದಾಖಲೆಗೆ ಬರುವುದು ಎಷ್ಟು ಗುಂಟೆ ಎಂಬುದು ಮಾತ್ರ. ನಾಳೆ ಅದೇ ಜಾಗದಲ್ಲಿ ಗೋಡೌನೋ ಮಾಲೋ ಎದ್ದರೆ, ಅಲ್ಲಿ ಏನಿತ್ತು, ಎಷ್ಟು ಹೋಯಿತು ಎಂದು ಹೇಳಲು ಯಾರ ಬಳಿಯೂ ಕಾಗದ ಇರುವುದಿಲ್ಲ.

ಇಂದು ಲಂಡನ್‌ನಲ್ಲಿ ದೊಡ್ಡ ಆಫೀಸ್ ಕಟ್ಟಡ ಕಟ್ಟುವವರು ನಿವೇಶನದ ಹಸಿರಿಗೆ ಅಂಕ ಹಾಕಿ ತೋರಿಸಬೇಕು. ಆ ಅಂಕದ ಬೇರು ಹುಡುಕುತ್ತಾ ಹೋದರೆ ನಾವು ತಲುಪುವುದು ಕಾಡಿಗಲ್ಲ, ಬಾಂಬು ಬಿದ್ದು ಪಾಳಾಗಿದ್ದ ಒಂದು ನಗರಕ್ಕೆ: ಜರ್ಮನಿಯ ಬರ್ಲಿನ್.

ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ ಬರ್ಲಿನ್‌ನ ಬೀದಿ ಬೀದಿಗಳಲ್ಲಿ ಇಟ್ಟಿಗೆ, ಗಾರೆಯ ಗುಡ್ಡೆಗಳಿದ್ದವು. ನಗರದ ನಡುವಿನ ಟಿಯರ್‌ಗಾರ್ಟನ್ ಉದ್ಯಾನದ ಮರಗಳನ್ನು ಜನ ಚಳಿಗೆ ಸೌದೆಗಾಗಿ ಕಡಿದರು, ಅಲ್ಲೇ ಆಲೂಗಡ್ಡೆ ಬೆಳೆದರು. ಮುಂದೆ ನಗರ ಎರಡು ಹೋಳಾಯಿತು. 1961ರ ಆಗಸ್ಟ್ 13ರಂದು ಗೋಡೆ ಏಳತೊಡಗಿತು. ಪಶ್ಚಿಮ ಬರ್ಲಿನ್ ಸುತ್ತಲೂ ಪೂರ್ವ ಜರ್ಮನಿ ಇರುವ ಒಂದು ದ್ವೀಪವಾಯಿತು.

ಗಿಡಮೂಲಿಕೆ ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಊರಾಚೆ ಹೋಗುತ್ತಾರೆ. ಪಶ್ಚಿಮ ಬರ್ಲಿನ್‌ನವರಿಗೆ ಆಚೆ ಹೋಗುವ ದಾರಿಯೇ ಮುಚ್ಚಿತ್ತು. ಹಾಗಾಗಿ ಅವರು ಕಾಲಬುಡದಲ್ಲೇ ನೋಡಿದರು. ಅವರಲ್ಲಿ ಮುಖ್ಯರಾದವರು ಹರ್ಬರ್ಟ್ ಸುಕೋಪ್, ಬರ್ಲಿನ್‌ನ ಜವುಗು ನೆಲಗಳ ಗಿಡಗಳ ಮೇಲೆ ಸಂಶೋಧನೆ ಮಾಡಿದ್ದವರು. ಅವರೂ ಅವರ ಜೊತೆಯವರೂ ಕಲ್ಲುಗುಡ್ಡೆ, ರೈಲ್ವೆ ಹಳಿಬದಿ, ಖಾಲಿ ಸೈಟು, ಗೋಡೆಯ ಬಿರುಕುಗಳನ್ನು ಒಂದೊಂದಾಗಿ ನೋಡಿ ಬರೆದಿಟ್ಟರು.

ಅಲ್ಲಿ ಸಿಕ್ಕಿದ್ದು ಬರೀ ಕಳೆ ಎಂದು ತಳ್ಳಿಹಾಕುವಂಥದ್ದಲ್ಲ. ಗಾರೆಯ ಸುಣ್ಣ, ಕಲ್ಲಿನ ಬಿಸಿ ಸೇರಿ ನಗರದ ನೆಲ ಸುತ್ತಲಿನ ಹಳ್ಳಿಗಳಿಗಿಂತ ಬೆಚ್ಚಗಿತ್ತು. ದಕ್ಷಿಣದ ಬಿಸಿಲು ನಾಡುಗಳ ಗಿಡಗಳು ಅಲ್ಲಿ ಬೇರೂರಿದ್ದವು. ಚೀನೊಪೋಡಿಯಂ ಬಾಟ್ರಿಸ್ ಎಂಬ ಪರಿಮಳದ ಗಿಡ ಅಂಥದ್ದೊಂದು. ನಮ್ಮ ಚಕ್ಕೋತ ಸೊಪ್ಪಿನ ನೆಂಟ. ಚೀನಾದಿಂದ ಬಂದ ಐಲಾಂತಸ್ ಮರ ಎಲ್ಲೆಡೆ ಚಿಗುರಿತ್ತು. ಅದರ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಅಗರಬತ್ತಿಗೆ ಬಳಸುವ ಹಾಲುಮಡ್ಡಿ ಅದರದ್ದೇ ಅಂಟು. ಹೊರಗಿನಿಂದ ಬಂದದ್ದೆಂದು ಆ ವಿಜ್ಞಾನಿಗಳು ಯಾವುದನ್ನೂ ಎಣಿಕೆಯಿಂದ ಬಿಡಲಿಲ್ಲ.

1976ರಲ್ಲಿ ಪಶ್ಚಿಮ ಜರ್ಮನಿ ಪ್ರಕೃತಿ ರಕ್ಷಣೆಯ ಕಾನೂನು ತಂದಿತು. ಕಟ್ಟುವವನು ಪ್ರಕೃತಿಗೆ ಹಾನಿ ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ತುಂಬಿಕೊಡಬೇಕು ಎಂಬುದು ಅದರ ಮುಖ್ಯ ನಿಯಮ. ತುಂಬಿಕೊಡು ಎಂದರೆ ಎಷ್ಟು? ಅದಕ್ಕೆ ಅಳತೆ ಬೇಕಲ್ಲ. ಗೋಡೆಯೊಳಗೆ ಕೂತು ಎಣಿಸಿದವರ ಕಡತಗಳು ಆಗ ಕೆಲಸಕ್ಕೆ ಬಂದವು. ಪಶ್ಚಿಮ ಬರ್ಲಿನ್ ಪೂರ್ತಿ ಯಾವ ಮೂಲೆಯಲ್ಲಿ ಯಾವ ಜೀವಿಗಳ ನೆಲೆ ಇದೆ ಎಂಬ ನಕ್ಷೆ ತಯಾರಾಗಿ, 1984ರಲ್ಲಿ ದೊಡ್ಡ ವರದಿಯಾಗಿ ಬಂತು.

ಅದೇ 80ರ ದಶಕದಲ್ಲಿ ಅಲ್ಲಿನ ಯೋಜಕರು ಒಂದು ಸರಳ ಲೆಕ್ಕ ಹೊಸೆದರು. ಕನ್ನಡದಲ್ಲಿ ಜೀವನೆಲೆ ಅಂಶ ಎನ್ನಬಹುದು. 1994ರ ಹೊತ್ತಿಗೆ ನಗರದ ಕೆಲವು ಬಡಾವಣೆಗಳಲ್ಲಿ ಅದು ಕಾನೂನೇ ಆಯಿತು. ಕಾಂಕ್ರೀಟು ಮುಚ್ಚಿದ ನೆಲಕ್ಕೆ ಸೊನ್ನೆ. ನೀರು ಸ್ವಲ್ಪ ಇಂಗುವ ಹಾಸುಗಲ್ಲಿಗೆ 0.3. ಗಿಡ ಬೆಳೆಸಿದ ತಾರಸಿಗೆ 0.7. ಭೂಮಿಗೆ ನೇರ ಬೇರಿಳಿದ ಹಸಿರಿಗೆ ಪೂರ್ತಿ 1.

ಒಂದು ಸಾವಿರ ಚದರ ಮೀಟರ್ ಸೈಟಿನಲ್ಲಿ ಅಂಗಡಿ ಕಟ್ಟಡ ಎದ್ದಿತು ಎಂದುಕೊಳ್ಳಿ. ಕಟ್ಟಡ 700 ಚದರ ಮೀಟರ್ ತಿಂದಿತು. ತಾರಸಿಯ 200ರಲ್ಲಿ ಗಿಡ ಬೆಳೆಸಿದರೆ 140 ಸಿಕ್ಕಿತು. ಹಿತ್ತಲಲ್ಲಿ 100 ಮಣ್ಣು ಬಿಟ್ಟರೆ 100. ಉಳಿದ 200ಕ್ಕೆ ನೀರಿಂಗುವ ಕಲ್ಲು ಹಾಸಿದರೆ 60. ಒಟ್ಟು 300, ಅಂದರೆ 0.30. ಹೊಸ ವಾಣಿಜ್ಯ ಕಟ್ಟಡಕ್ಕೆ ಬರ್ಲಿನ್ ಕೇಳಿದ್ದು ಅಷ್ಟೇ, ಪಾಸು!

ಹೊಸ ಮನೆ ಕಟ್ಟುವವರಿಗೆ ಮಾತ್ರ 0.60. ಪೇಟೆ ಜಾಗ ಇಕ್ಕಟ್ಟು, ಅಷ್ಟು ಹಸಿರು ಹಿಡಿಸದು ಎಂಬುದು ಕಾರಣ. ಒಪ್ಪುವ ಕಾರಣವೇ. ಆದರೂ ನೆಲದಿಂದ ಹೆಚ್ಚು ದುಡಿಯುವವನಿಗೆ ಅರ್ಧ ರಿಯಾಯಿತಿ, ಸಂಸಾರಸ್ಥನಿಗೆ ಪೂರ್ತಿ ಲೆಕ್ಕ ಎನ್ನುವುದು ನಮಗೆ ಇನ್ನೂ ಗಂಟಲಲ್ಲಿ ಇಳಿದಿಲ್ಲ.

ಈ ಲೆಕ್ಕ ಬೇಗ ಊರು ದಾಟಿತು. 2001ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರ ತನ್ನ ಹೊಸ ಬಂದರು ಬಡಾವಣೆಗೆ ಅದನ್ನು ಎರವಲು ತಂದಿತು. ಸಿಯಾಟಲ್ 2007ರಲ್ಲಿ ವ್ಯಾಪಾರ ವಲಯಗಳಿಂದಲೇ ಶುರು ಮಾಡಿತು. ಲಂಡನ್ 2021ರಲ್ಲಿ ವಾಣಿಜ್ಯ ಕಟ್ಟಡಕ್ಕೆ 0.3 ಎಂದಿತು. 2024ರ ಫೆಬ್ರವರಿ 12ರಿಂದ ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿದಿದೆ: ದೊಡ್ಡ ಕಟ್ಟಡ ಯೋಜನೆಗಳು ಮೊದಲಿದ್ದ ಜೀವನೆಲೆಗಿಂತ ಕನಿಷ್ಠ ಶೇ. 10 ಹೆಚ್ಚು ತೋರಿಸಬೇಕು.

ಬರ್ಲಿನ್ ಲೆಕ್ಕದ ಒಂದು ಕೊರತೆಯನ್ನು ಮೊದಲು ತುಂಬಲು ನೋಡಿದ್ದು ಮಾಲ್ಮೋದವರು. ಆ ಅಂಕ ಅಳೆಯುವುದು ಮೇಲ್ಮೈಯನ್ನು. ತಾರಸಿಯ ಮೇಲೆ ಗಿಡ ಇದೆಯೇ ಎಂದು ಕೇಳುತ್ತದೆ, ಜೇನು ಬಂತೇ ಎಂದು ಕೇಳುವುದಿಲ್ಲ. ಮಾಲ್ಮೋ ಅದಕ್ಕೆ 35 ಅಂಶಗಳ ಪಟ್ಟಿ ಸೇರಿಸಿತು. ಹಕ್ಕಿಗೆ ಗೂಡು, ಬಾವಲಿಗೆ ಪೆಟ್ಟಿಗೆ, ಕಪ್ಪೆಗೆ ನೆಲೆ, ಹೀಗೆ. ಕಟ್ಟುವವರು ಪ್ರತಿ ಅಂಗಳಕ್ಕೆ ಅದರಲ್ಲಿ 10 ಆರಿಸಿಕೊಳ್ಳಬೇಕಿತ್ತು. ಪೆಟ್ಟಿಗೆ ನೇತುಹಾಕಿದ ಮಾತ್ರಕ್ಕೆ ಬಾವಲಿ ಬಂದೀತೆಂಬ ಖಾತ್ರಿ ಇಲ್ಲ. ಅದನ್ನು ತಿಳಿಯಲು ವರ್ಷ ವರ್ಷ ಹೋಗಿ ನೋಡುವವರು ಬೇಕು.

ಹಾಗೆ ನೋಡುವವರಿದ್ದರೆ ಏನಾಗುತ್ತದೆ ಎಂಬುದಕ್ಕೂ ಬರ್ಲಿನ್‌ನಲ್ಲೇ ಒಂದು ಜಾಗ ಇದೆ. ಟೆಂಪಲ್‌ಹೋಫ್‌ನ ರೈಲ್ವೆ ಯಾರ್ಡು 1952ರಲ್ಲಿ ನಿಂತುಹೋಯಿತು. ಪಶ್ಚಿಮ ಬರ್ಲಿನ್‌ನೊಳಗಿನ ರೈಲ್ವೆ ಜಾಗ ಪೂರ್ವ ಜರ್ಮನಿಯ ರೈಲ್ವೆಯ ಕೈಯಲ್ಲಿತ್ತು, ಹಾಗಾಗಿ ಯಾರೂ ಮುಟ್ಟದೆ ಕಾಡು ಬೆಳೆಯಿತು. 70ರ ದಶಕದ ಕೊನೆಗೆ ಅಲ್ಲಿ ಹೊಸ ಗೂಡ್ಸ್ ನಿಲ್ದಾಣ ಕಟ್ಟುವ ಯೋಜನೆ ಬಂತು. ಸುತ್ತಲಿನ ಜನ ಎದುರು ನಿಂತರು. ವಿಜ್ಞಾನಿಗಳು ಅಲ್ಲಿನ ಜೀವಗಳನ್ನು ಎಣಿಸಿಕೊಟ್ಟರು, ವಾದಕ್ಕೆ ಬಲ ಬಂತು. ಮುಂದಿನ ಗಣತಿಗಳಲ್ಲಿ 366 ಬಗೆಯ ಗಿಡಗಳು, 95 ಬಗೆಯ ಕಾಡು ಜೇನುಗಳು, 57 ಬಗೆಯ ಜೇಡಗಳು ದಾಖಲಾದವು. ಇಷ್ಟೆಲ್ಲ ಇದ್ದದ್ದು ಸುಮಾರು 18 ಹೆಕ್ಟೇರಿನಲ್ಲಿ, ಅಂದರೆ 45 ಎಕರೆಯಷ್ಟೂ ಇಲ್ಲ.

1989ರಲ್ಲಿ ಗೋಡೆ ಬಿತ್ತು. ಗೋಡೆಯ ಪಕ್ಕದ ಪೋಟ್ಸ್‌ಡ್ಯಾಮರ್ ಪ್ಲಾಟ್ಸ್ ಎಂಬ ಬಯಲನ್ನು ದೊಡ್ಡ ಕಂಪನಿಗಳು ಕೊಂಡವು, ಆಫೀಸು, ಸಿನಿಮಾ, ಅಂಗಡಿಗಳ ಗೋಪುರಗಳು ಎದ್ದವು. ಅಲ್ಲಿ ಮಳೆನೀರು ನೆಲದಡಿಯ ತೊಟ್ಟಿಗಳಲ್ಲಿ ಸೇರಿ ಕೊಳಕ್ಕೂ ಶೌಚಾಲಯಕ್ಕೂ ಹೋಗುತ್ತದೆ. ಒಳ್ಳೆಯ ಕೆಲಸ, ಆದರೆ ಆ ಹಳೇ ಬಯಲು ಮರಳಿ ಬರಲಿಲ್ಲ. ಟೆಂಪಲ್‌ಹೋಫ್‌ನ ಯಾರ್ಡು ಮಾತ್ರ ಉಳಿಯಿತು. ಬೇರೆಡೆಯ ರೈಲು ಕಾಮಗಾರಿಗಳಿಂದಾದ ಹಾನಿಗೆ ಪರಿಹಾರವಾಗಿ ರೈಲ್ವೆಯು 1996ರಲ್ಲಿ ಅದನ್ನು ನಗರಕ್ಕೆ ಬಿಟ್ಟುಕೊಟ್ಟಿತು. 2000ದಲ್ಲಿ ಅದು ಜನರಿಗೆ ತೆರೆಯಿತು. ಅಲ್ಲಿನ ಸೂಕ್ಷ್ಮ ಭಾಗದಲ್ಲಿ ನೆಲ ತುಳಿಯದಂತೆ ಕಬ್ಬಿಣದ ಎತ್ತರಿಸಿದ ಹಾದಿಯ ಮೇಲೆ ನಡೆಯಬೇಕು. ಹಳೇ ಹಳಿಗಳ ನಡುವೆ ಮರಗಳು ಹಾಗೇ ನಿಂತಿವೆ.

ನಮ್ಮಲ್ಲೂ ಇಂಥ ಎಣಿಕೆಗೆ ಕಾನೂನಿನ ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳನ್ನು ಜನರಿಂದಲೇ ಕೇಳಿ ಬರೆದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಪಂಚಾಯಿತಿಗೆ ಹೋದಾಗ ಆ ಪುಸ್ತಕ ಕೇಳಿ ನೋಡಿ. ಗೋಮಾಳದ ಹೆಸರಿದೆಯೇ, ಕೆರೆ ಅಂಗಳ ಇದೆಯೇ, ನಿಮ್ಮೂರ ಖರಾಬಿನ ಕಾರೆಗಿಡಕ್ಕೆ ಒಂದು ಸಾಲಾದರೂ ಸಿಕ್ಕಿದೆಯೇ ಹುಡುಕಿ. ಇಲ್ಲದಿದ್ದರೆ ಬರೆಸಲು ಹೇಳಿ, ಸೈಟು ಅಳೆಯುವವರು ಬರುವ ಮೊದಲು.