ಮೈಸೂರಿನ ನಗರ ಯೋಜನೆ ಮತ್ತು ಸಾರಿಗೆ

ಮೈಸೂರಿನಲ್ಲಿ ಬಡಾವಣೆ, ರಸ್ತೆ, ಸಂಚಾರ ವ್ಯವಸ್ಥೆಗಳು ಬೆಳೆದುಬಂದ ಇತಿಹಾಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ರಾಜಧಾನಿ ಮತ್ತೆ ಮೈಸೂರಿಗೆ ಬಂತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಕಚೇರಿಗಳು ಬೆಂಗಳೂರು ಸೇರಿದವು. ಮೈಸೂರು ಅರಮನೆಯ ಊರಾಗಿ ಉಳಿಯಿತು. ಈ ಊರಿಗೆ ನಕ್ಷೆ ಹಾಕಿಕೊಂಡು ಕಟ್ಟುವ ಬಿಡುವು ಸಿಕ್ಕಿದ್ದಕ್ಕೆ ಅದು ಚಿಕ್ಕದಾಗಿದ್ದದ್ದೇ ಮುಖ್ಯ ಕಾರಣವೆನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಮೊದಲ ದೊಡ್ಡ ಯೋಜನೆ ನೀರಿಗೆ ಸಂಬಂಧಿಸಿದ್ದು. ಕಾವೇರಿ ನೀರನ್ನು ಊರಿಗೆ ತರಲು ದಿವಾನ್ ಪೂರ್ಣಯ್ಯ ಕಾಲುವೆ ತೋಡಿಸಿದರು. ನೀರು ಬರಲಿಲ್ಲ, ತೋಡಿದ ಹಳ್ಳ ಮಾತ್ರ ಉಳಿದು ಊರಿನ ಕೊಳೆ ಅದರಲ್ಲಿ ನಿಲ್ಲತೊಡಗಿತು. ಮುಂದೆ ಪೂರ್ಣಯ್ಯನ ನಾಲೆಯ ಊರೊಳಗಿನ ಭಾಗವನ್ನು ಮುಚ್ಚಿಸಿ ಅದರ ಮೇಲೆ ಸಯ್ಯಾಜಿರಾವ್ ರಸ್ತೆ ಮಾಡಿದರು. ಇಂದು ದಸರಾ ಜಂಬೂಸವಾರಿ ಬನ್ನಿಮಂಟಪಕ್ಕೆ ಸಾಗುವುದು ಇದೇ ರಸ್ತೆಯಲ್ಲಿ. ಊರಿನ ಅತ್ಯಂತ ಮೆರೆಯುವ ಬೀದಿ ಚರಂಡಿ ಮುಚ್ಚುವ ಕೆಲಸದಿಂದ ಹುಟ್ಟಿತೆಂಬುದು ಮೆರವಣಿಗೆ ನೋಡಲು ಬರುವವರಲ್ಲಿ ಹೆಚ್ಚಿನವರಿಗೆ ತಿಳಿಯದ ವಿಷಯ.

ಬೆಂಗಳೂರಿನಿಂದ ಮೀಟರ್ ಗೇಜ್ ರೈಲು ಬಂದದ್ದು 1882ರಲ್ಲಿ. 1891ರಲ್ಲಿ ಹಳಿ ನಂಜನಗೂಡಿಗೆ ಮುಂದುವರಿಯಿತು. ಆಗ ಊರ ಅಂಚಿನಲ್ಲಿದ್ದ ಈ ದಾರಿಯ ಎರಡೂ ಬದಿಗೆ ಮುಂದೆ ಬಡಾವಣೆಗಳು ಬಂದವು. ಚಾಮರಾಜಪುರಂ ನಿಲ್ದಾಣ ಇಂದು ಮನೆಗಳ ನಡುವೆಯೇ ಇದೆ. ಹಳಿ ಊರೊಳಗೆ ಇದ್ದರೂ ಅದನ್ನು ನಗರ ಸಾರಿಗೆಯ ಭಾಗವಾಗಿ ಯೋಜಕರು ಎಂದೂ ಗಂಭೀರವಾಗಿ ಎಣಿಸಲಿಲ್ಲ.

ನಿಜವಾದ ತಿರುವು ಪ್ಲೇಗಿನದು. 1891ರಲ್ಲಿ 74,048 ಇದ್ದ ಜನಸಂಖ್ಯೆ 1901ರ ಹೊತ್ತಿಗೆ 68,111ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ, 1897ರಲ್ಲಿ, ಮರದ ಅರಮನೆಯೂ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಕೋಟೆಯೊಳಗೆ ಅರಮನೆಗೆ ಒತ್ತಿಕೊಂಡಿದ್ದ ಮನೆಗಳನ್ನು ತೆರವು ಮಾಡಿದಾಗ ಅಲ್ಲಿದ್ದವರಿಗೆ ಹೊರಗೆ ಜಾಗ ಬೇಕಾಯಿತು. ಈ ಕೆಲಸಗಳಿಗೆಂದೇ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ಜನರ ಬಾಯಲ್ಲಿ ಸಿಐಟಿಬಿ, ಸ್ಥಾಪನೆಯಾಯಿತು. ಇದು ಭಾರತದಲ್ಲೇ ಮೊದಲನೆಯದೆಂದು ಮೈಸೂರಿನಲ್ಲಿ ಅಭಿಮಾನದಿಂದ ಹೇಳುವುದುಂಟು. ಆದರೆ ಮುಂಬಯಿಯಲ್ಲಿ ಇಂಥದೇ ಮಂಡಳಿ 1898ರಲ್ಲೇ ಹುಟ್ಟಿತ್ತು. ಆದ್ದರಿಂದ ಮೊದಲಿನವುಗಳಲ್ಲಿ ಒಂದು ಎನ್ನುವುದೇ ಸರಿ.

ಪ್ಲೇಗಿನ ಅನುಭವದ ಹಿನ್ನೆಲೆಯಲ್ಲಿ ಮಂಡಳಿಯ ಕಾಲದ ಬಡಾವಣೆಗಳಲ್ಲಿ ಗಾಳಿ ಬೆಳಕಿಗೆ ಮೊದಲ ಸ್ಥಾನ. ಬೀದಿಗಳು ನೇರ, ನಿವೇಶನಗಳು ಅಗಲ, ಅಲ್ಲಲ್ಲಿ ಪಾರ್ಕು. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಎಂಬ ಕಿರಿದಾದ ಓಣಿ. ಮಲ ಹೊರುವವರು ಮುಂಬಾಗಿಲಿನ ಕಡೆ ಸುಳಿಯದೆ ಹಿಂದಿನಿಂದಲೇ ಬಂದು ಹೋಗಲೆಂದು ಬಿಟ್ಟ ದಾರಿ ಇದು. ನೈರ್ಮಲ್ಯದ ಜೊತೆಗೆ ಜಾತಿಯ ಅಂತರವನ್ನೂ ನಕ್ಷೆಯಲ್ಲೇ ಗೆರೆ ಹಾಕಿದಂತಾಯಿತು. ಒಳಚರಂಡಿ ಬಂದ ಮೇಲೆ ಈ ಓಣಿಗಳಿಗೆ ಕೆಲಸವಿಲ್ಲದಾಯಿತು. ಕೆಲವು ಹಿತ್ತಿಲಿಗೆ ಸೇರಿಹೋದವು, ಕೆಲವು ಸ್ಕೂಟರ್ ನಿಲ್ಲಿಸುವ ತಾಣವಾದವು, ಇನ್ನು ಕೆಲವು ಕಸದ ರಾಶಿ. ನಡೆದು ಹೋಗುವವರಿಗೆ ಒಳದಾರಿಯಾಗಬಹುದಾಗಿದ್ದ ಇಂಥ ಜಾಲ ಬೇರೆ ಊರುಗಳಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಮಂಡಳಿಯ ಯೋಜನೆಯಲ್ಲಿ ಸಾರಿಗೆಗೆ ಪ್ರತ್ಯೇಕ ಅಧ್ಯಾಯವೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದೇವರಾಜ ಮಾರುಕಟ್ಟೆ, ಕಚೇರಿ, ಕಾಲೇಜು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. ಅದಕ್ಕಿಂತ ದೂರಕ್ಕೆ ಜಟಕಾ, ಸ್ವಲ್ಪ ಠೀವಿ ಬೇಕಾದವರಿಗೆ ಶಾಪಸಂದ್ ಎಂಬ ಕುದುರೆಗಾಡಿ, ಆಮೇಲೆ ಸೈಕಲ್. 1931ರಲ್ಲಿ ಜನಸಂಖ್ಯೆ ಲಕ್ಷ ದಾಟಿದರೂ ಈ ಲೆಕ್ಕ ಕೆಡಲಿಲ್ಲ.

ಲೆಕ್ಕ ಕೆಟ್ಟದ್ದು ಸ್ವಾತಂತ್ರ್ಯಾನಂತರ. ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ ಎನ್ನುತ್ತ ಊರು ಪಶ್ಚಿಮ, ದಕ್ಷಿಣಗಳಿಗೆ ಹರಡಿತು. ಹೆಬ್ಬಾಳದ ಕಡೆ ಕೈಗಾರಿಕಾ ಪ್ರದೇಶ ಬೆಳೆಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ ಭೂಬಳಕೆ ನಕ್ಷೆ ಕಾನೂನಾಯಿತು. 1987ರ ಕಾಯಿದೆಯಡಿ ಸಿಐಟಿಬಿ ಜಾಗದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ, ಬಂತು. ಮೈಸೂರಿಗರಿಗೆ ಅದು ಬಹುತೇಕ ಸೈಟು ಹಂಚುವ ಕಚೇರಿಯಾಗಿತ್ತು. ಜಮೀನು ಸ್ವಾಧೀನ, ನಕ್ಷೆ, ಹಂಚಿಕೆ ಪ್ರಾಧಿಕಾರದ ಕೆಲಸ, ಬಸ್ಸು ಕೆಎಸ್‌ಆರ್‌ಟಿಸಿಯ ಕೆಲಸ, ಬೀದಿ ಪಾಲಿಕೆಯದು. ಮನೆ ಕಟ್ಟುವ ಮೊದಲೇ ಕೈಬದಲಾಗುವ ನಿವೇಶನಗಳ ಖಾಲಿ ಬಡಾವಣೆಗೆ ಬಸ್ ಓಡಿಸಿದರೆ ನಷ್ಟ, ಬಸ್ ಇಲ್ಲದಿದ್ದರೆ ಮನೆ ಕಟ್ಟಿದವರು ಮೊದಲು ಕೊಳ್ಳುವುದೇ ದ್ವಿಚಕ್ರ ವಾಹನ. ಊರಿನ ಸಾರಿಗೆಯನ್ನು ನಿರ್ಧರಿಸಿದ್ದು ಈ ಸುತ್ತು.

2000ದ ನಂತರ ಕೇಂದ್ರದ ನರ್ಮ್ ಎಂಬ ನಗರ ನವೀಕರಣ ಯೋಜನೆಯ ನಗರಗಳಲ್ಲಿ ಮೈಸೂರೂ ಸೇರಿತು. ಸುಮಾರು 42 ಕಿ.ಮೀ. ಉದ್ದದ ವರ್ತುಲ ರಸ್ತೆ ಅಗಲವಾಯಿತು. ಅರಮನೆಯ ಪಕ್ಕದಲ್ಲೇ ಸಾಗುವ ಬೆಂಗಳೂರು–ನೀಲಗಿರಿ ರಸ್ತೆಯಿಂದ ಲಾರಿಗಳನ್ನು ಹೊರಗಿಡಲು ಇದು ನೆರವಾಯಿತು. ಆದರೆ ಅಂಚಿನ ಗೆರೆಯಾಗಬೇಕಿದ್ದ ಇದೇ ರಸ್ತೆ ಅದರಾಚೆಯ ಜಮೀನಿಗೂ ಬೆಲೆ ತಂದಿತು. 2012ರಲ್ಲಿ ನಗರ ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ ನಿಲ್ದಾಣಗಳಲ್ಲಿ ಬಸ್ಸು ಬರುವ ಸಮಯ ತೋರಿಸುವ ವ್ಯವಸ್ಥೆ ಬಂತು. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಶುರುವಾಯಿತು. ಸಾರ್ವಜನಿಕ ಸೈಕಲ್ ಹಂಚಿಕೆಯಲ್ಲಿ ದೇಶಕ್ಕೆ ಮಾದರಿಯೆಂದು ಅದು ಹೆಸರು ಮಾಡಿತು. ಬಸ್ಸಿನ ವ್ಯವಸ್ಥೆ, ಸೈಕಲ್ ಹಂಚಿಕೆ ಎರಡಕ್ಕೂ ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕ್‌ನ ನೆರವಿತ್ತು. ಸೈಕಲ್ ಬಂದಷ್ಟು ಬೇಗ ಸೈಕಲ್ ಪಥ ಬರಲಿಲ್ಲ.

ಹಳೆಯ ಊರಿನ ನಡುಭಾಗದ ಸಮಸ್ಯೆ ಬೇರೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದವು. ಉಳಿಸುವುದೋ ಕೆಡವಿ ಕಟ್ಟುವುದೋ ಎಂಬ ವಾದ ಆಗ ಎದ್ದಿತು. ವಾಹನ ನಿಲುಗಡೆಯ ಪ್ರಶ್ನೆಯೂ ಈ ವಾದದಿಂದ ದೂರವಿಲ್ಲ.

ಮೈಸೂರು–ನಂಜನಗೂಡು ಯೋಜನಾ ಪ್ರದೇಶದ ಮಹಾಯೋಜನೆ 2031ನ್ನು ಗುರಿಯಾಗಿಟ್ಟುಕೊಂಡಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ವಾಹನಗಳು ವರ್ತುಲ ರಸ್ತೆಯ ಸಿಗ್ನಲ್‌ಗೇ ಬಂದು ನಿಲ್ಲುತ್ತವೆ. ಅದೇ ವರ್ಷ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಈಗಿನ ವರ್ತುಲ ರಸ್ತೆಯಾಚೆಗೆ ಮತ್ತೊಂದು ಹೊರವರ್ತುಲ ರಸ್ತೆಯ ಪ್ರಸ್ತಾವವಿದೆ.